ಕೀಲೂ ಗೊಂಬೆಯೂ: ಯಂತ್ರಪುರುಷನ ಕಥೆಗಳನ್ನು ಓದುವ ಬಗೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಬಾಗಿಲಿಗೆ ಹಾಕುವ ಬೀಗವನ್ನು ಕೀಲಿ ಎನ್ನುವರು. ಬಂಡಿಯ ಗಾಲಿಯು ಅಚ್ಚಿನಿಂದ ಕಳಚಿಹೋಗದಂತೆ ತಡೆಯುವುದು ಕಡೆಗೀಲು. ಮೈಯ ಎಲುಬುಗಳು ಕೂಡುವ ಸಂದುಗಳೂ ಕೀಲುಗಳೇ. ಜಾತ್ರೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ಮರದ ಕುದುರೆಯು ಕೀಲುಕುದುರೆ. ಬಿಗಿಯುವುದು, ತಡೆಯುವುದು, ಕೂಡಿಸುವುದು, ಚಲಿಸಗೊಡುವುದು ಎಂಬ ಬೇರೆ ಬೇರೆ ಅರ್ಥಗಳನ್ನು ಒಂದೇ ಮಾತು ಹೀಗೆ ಹೊತ್ತುಕೊಂಡಿರುವುದು. ಕನ್ನಡದಲ್ಲಿ ಜಂತ್ರವೆಂದು ತದ್ಭವವಾದ ಸಂಸ್ಕೃತದ ಯಂತ್ರಶಬ್ದದ ಸ್ಥಿತಿಯೂ ಇದಕ್ಕೆ ಹೊರತಲ್ಲ. ಅದರ ಧಾತುವಿಗೆ ಅಂಕೆಯಲ್ಲಿಡುವುದು ಎಂದರ್ಥ. ಚಲನವೆಂಬ ಭಾವವು ಆಮೇಲೆ ಬಂದು ಸೇರಿದುದು. ಯಂತ್ರಪುರುಷರನ್ನು ಕುರಿತ ನಮ್ಮ ಹಳೆಯ ಕಥೆಗಳನ್ನು ವಿಮರ್ಶಿಸಹೊರಟವರು ಈ ಎರಡು ಶಬ್ದಗಳ ಇತಿಹಾಸವನ್ನು ಮೊದಲು ಗಮನಿಸಿದ್ದರೆ, ಗೊಂಬೆಯ ಮುಖವನ್ನು ಅಷ್ಟು ಹೊತ್ತು ನೋಡುತ್ತ ನಿಲ್ಲದೆ ಅದರ ಕೀಲು ಯಾರ ಕೈಯಲ್ಲಿದೆ, ಯಾವ ಕೆಲಸಕ್ಕಾಗಿ ಅದನ್ನು ಹೂಡಿದರು ಎಂದು ವಿಚಾರಿಸುತ್ತಿದ್ದರು.

ಈ ಸೀಮೆಗೂ ಆ ಕಥಾಪರಂಪರೆಗೂ ಹಳೆಯ ನಂಟಿದೆ. ಕನ್ನಡ ಪಂಚತಂತ್ರದ ಕರ್ತೃವಾದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು. ಆ ಸಯ್ಯಡಿಯೇ ರೋಣದ ಹತ್ತಿರದ ಸವಡಿ. ಅವನು ಚಾಲುಕ್ಯ ಎರಡನೆಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದು, ಕ್ರಿ. ಶ. 1031ರ ಸುಮಾರಿಗೆ ತನ್ನ ಗ್ರಂಥವನ್ನು ರಚಿಸಿದನು. ಜಯಸಿಂಹನ ಸೋದರಿ ಅಕ್ಕಾದೇವಿಯು ಆಳಿದ ಕಿಸುಕಾಡಿನ ಶಾಸನಗಳು ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಇಂದಿಗೂ ನಿಂತಿವೆ. ದುರ್ಗಸಿಂಹನು ಅನುಸರಿಸಿದುದು ವಸುಭಾಗಭಟ್ಟನ ಪಾಠವನ್ನು. ಪಂಚತಂತ್ರದ ಪಾಠಗಳು ಹಲವು. ಅವು ಒಂದರಿಂದೊಂದು ಬಹಳ ಭಿನ್ನವಾಗಿವೆ. ಆದರೆ ಅವುಗಳ ಓದುಗರಿಗೆಲ್ಲ ಪರಿಚಿತವಾದ ಒಂದು ಚಿಕ್ಕ ಕಥೆಯುಂಟು. ಬಡಗಿಗಳು ಅರ್ಧ ಕೊಯ್ದ ತೊಲೆಯ ಸೀಳಿನಲ್ಲಿ ಬೆಣೆಯನ್ನಿಟ್ಟು ಊಟಕ್ಕೆ ಹೋದಾಗ, ತನಗೆ ಸಂಬಂಧವಿಲ್ಲದ ಆ ಕೀಲನ್ನು ಕೋತಿಯೊಂದು ಕಿತ್ತು ಪ್ರಾಣ ಕಳೆದುಕೊಂಡಿತು. ಮಕ್ಕಳಿಗೆ ಇದನ್ನು ಅಧಿಕಪ್ರಸಂಗದ ಕಥೆಯೆಂದು ಕಲಿಸುವುದು ವಾಡಿಕೆ. ಆದರೆ ಕಥೆಯ ಜೀವವಿರುವುದು ಸಲಕರಣೆಯಲ್ಲಿ. ಬೆಣೆಯನ್ನು ಇಟ್ಟವನಿಗೆ ಅದರ ಉದ್ದೇಶ ಗೊತ್ತು. ಕಿತ್ತ ಕೋತಿಗೆ ಅದರ ಆಕಾರ ಮಾತ್ರ ಗೊತ್ತು.

ಯಂತ್ರಗಳ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಹಾರುವ ಗರುಡ, ನಡೆಯುವ ಗೊಂಬೆ, ಕಾವಲು ಕಾಯುವ ಮರದಾಳು ಎಂಬ ಮಾತುಗಳು ಕಂಡೊಡನೆ, ನಮ್ಮ ಹಿರಿಯರಿಗೆ ಇಂದಿನ ವಿಜ್ಞಾನವೆಲ್ಲವೂ ತಿಳಿದಿತ್ತೆಂದು ಸಾಧಿಸುವುದು ಒಂದು ಪಕ್ಷ. ಇವೆಲ್ಲವೂ ಕಟ್ಟುಕಥೆ, ಮಕ್ಕಳ ವಿನೋದ ಎಂದು ಬದಿಗಿಡುವುದು ಇನ್ನೊಂದು. ಮೊದಲನೆಯ ಪಕ್ಷಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ದೃಷ್ಟಾಂತವಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ವರೆಗೆ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು ಭರದ್ವಾಜ ಮಹರ್ಷಿಯ ಕೃತಿಯೆಂದು ಪ್ರಚಾರಪಡಿಸಲಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ಅದರ ಭಾಷೆಯನ್ನೂ ವಿವರಣೆಗಳನ್ನೂ ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಅವರ ನಿರ್ಣಯವು ಸರಿಯಾದುದು. ಆದರೆ ಅದರಿಂದ ಎರಡನೆಯ ಪಕ್ಷವು ಗೆದ್ದಂತಾಗಲಿಲ್ಲ. ಹಾರಲಾರದ ವಿಮಾನವೊಂದು ಕಥೆಯಲ್ಲಿ ಹಾರಿದರೆ, ಕಥೆಗಾರನು ಅದನ್ನು ಏತಕ್ಕೆ ಹಾರಿಸಿದನೆಂಬ ಪ್ರಶ್ನೆ ಉಳಿದೇ ಇರುವುದು. ವಿ. ರಾಘವನ್ ಅವರು ಪ್ರಾಚೀನ ಭಾರತದ ಯಂತ್ರಗಳ ಉಲ್ಲೇಖಗಳನ್ನು ಕಲೆಹಾಕಿದ ಪ್ರಬಂಧವು 1952ರಲ್ಲಿ ಬೆಂಗಳೂರಿನಿಂದಲೇ ಹೊರಟಿತು. ಸಾಮಗ್ರಿಯು ಆಗಿನಿಂದ ಓದುಗರ ಕೈಯಲ್ಲಿದೆ. ಕಥೆಗಳನ್ನು ಕಥೆಗಳಾಗಿ ಪರಾಮರ್ಶಿಸುವ ಕೆಲಸ ಮಾತ್ರ ಮುಂದುವರಿದದ್ದು ಕಡಮೆ.

ಪೂರ್ಣಭದ್ರನು 1199ರಲ್ಲಿ ಸಿದ್ಧಪಡಿಸಿದ ಪಂಚತಂತ್ರದ ಪಾಠದಲ್ಲಿರುವ ನೇಕಾರನ ಕಥೆಯನ್ನು ಇಲ್ಲಿ ಮುಖ್ಯವಾಗಿ ಎತ್ತಿಕೊಳ್ಳಬೇಕು. ನೇಕಾರನೂ ಬಡಗಿಯೂ ಗೆಳೆಯರು. ನೇಕಾರನು ರಾಜಕುಮಾರಿಯನ್ನು ಕಂಡು ಮೋಹಿತನಾಗಿ ಹಾಸಿಗೆ ಹಿಡಿಯುವನು. ಬಡಗಿಯು ಅವನಿಗಾಗಿ ಮರದ ಗರುಡನನ್ನು ಮಾಡಿ, ಬಣ್ಣವಿಟ್ಟು, ಕೀಲಿನಿಂದ ಹಾರಿಸುವ ಬಗೆಯನ್ನು ಕಲಿಸಿ, ಶಂಖ ಚಕ್ರಗಳನ್ನು ಹಿಡಿದ ಹೆಚ್ಚಿನ ತೋಳುಗಳನ್ನೂ ಜೋಡಿಸಿಕೊಡುವನು. ನೇಕಾರನು ವಿಷ್ಣುವಾಗಿ ಉಪ್ಪರಿಗೆಯ ಮೇಲೆ ಇಳಿಯುವನು. ರಾಜಕುಮಾರಿ ನಂಬುವಳು, ಸಂಗತಿ ತಿಳಿದ ಮೇಲೆ ಅವಳ ತಂದೆತಾಯಿಗಳೂ ನಂಬುವರು. ಇಲ್ಲಿಯವರೆಗೆ ಯಂತ್ರವು ತನ್ನ ಕೆಲಸವನ್ನು ಲೋಪವಿಲ್ಲದೆ ನಡೆಯಿಸಿದೆ. ರಾತ್ರಿಯಲ್ಲಿ ಸದ್ದಿಲ್ಲದೆ ಹಾರುವುದು, ಒಬ್ಬನನ್ನು ಹೊರುವುದು, ದೂರದಿಂದ ದೇವರಂತೆ ಕಾಣಿಸುವುದು: ಅದನ್ನು ಮಾಡಿದ್ದು ಇಷ್ಟಕ್ಕೇ.

ಕಥೆಗಾರನ ಬುದ್ಧಿಯು ಕಾಣುವುದು ಇದರ ಮುಂದೆ. ದೇವರೇ ಅಳಿಯನಾದನೆಂದು ಉಬ್ಬಿದ ರಾಜನು ನೆರೆಯ ಅರಸರನ್ನು ಕಡೆಗಣಿಸುವನು. ಅವರು ದಂಡೆತ್ತಿ ಬರುವರು. ಅಳಿಯನೇ ಈಗ ಕಾದಬೇಕೆಂದು ಮಾವನು ಮಗಳ ಮೂಲಕ ಹೇಳಿಕಳಿಸುವನು. ಪ್ರಣಯಕ್ಕಾಗಿ ಮಾಡಿದ ಯಂತ್ರಕ್ಕೆ ಯುದ್ಧದ ಕೆಲಸ ಬಂದು ಒದಗಿತು. ಗರುಡನ ರೆಕ್ಕೆಯಲ್ಲಿಯಾಗಲಿ ಕೀಲಿನಲ್ಲಿಯಾಗಲಿ ಏನೂ ಕೆಟ್ಟಿಲ್ಲ. ಆದರೂ ಅದು ಈ ಹೊಸ ಕೆಲಸಕ್ಕೆ ಒದಗದು. ಮರದ ಚಕ್ರವು ಯಾರ ತಲೆಯನ್ನೂ ಕತ್ತರಿಸದು. ನೇಕಾರನಿಗೆ ಇದು ಗೊತ್ತು. ಸಾಯುವ ನಿಶ್ಚಯದಿಂದಲೇ ಅವನು ಹೊರಡುವನು. ಆಗ ನಿಜವಾದ ವಿಷ್ಣುವು ಚಿಂತೆಗೊಳಗಾಗುವನು. ಈ ನೇಕಾರನು ಬಿದ್ದರೆ ವಿಷ್ಣುವೇ ಬಿದ್ದನೆಂದು ಲೋಕವು ತಿಳಿಯುವುದು, ಪೂಜೆ ನಿಂತುಹೋಗುವುದು. ಅದಕ್ಕಾಗಿ ಅವನು ನೇಕಾರನ ದೇಹವನ್ನೂ, ಗರುಡನು ಮರದ ಗರುಡನನ್ನೂ ಹೊಕ್ಕು ಗೆದ್ದುಕೊಡುವರು. ಧೈರ್ಯವಂತನಿಗೆ ದೈವಸಹಾಯವುಂಟೆಂಬ ನೀತಿಗೆ ಈ ಕಥೆಯನ್ನು ಒಗ್ಗಿಸುವುದು ಸುಲಭ. ಪಂಚತಂತ್ರವೂ ಅದನ್ನೇ ಮಾಡಿದೆ. ಆದರೆ ಕಥೆಯೊಳಗಿನ ತರ್ಕವು ಆ ನೀತಿಗಿಂತ ತೀಕ್ಷ್ಣವಾದುದು. ದೇವರು ಬಂದುದು ಭಕ್ತಿಗೆ ಮೆಚ್ಚಿ ಅಲ್ಲ. ಒಂದು ರೂಪವು ಜನರಲ್ಲಿ ಹುಟ್ಟಿಸಿದ ನಂಬಿಕೆಯು ಆ ರೂಪಕ್ಕಿರುವ ಶಕ್ತಿಯನ್ನು ಮೀರಿಹೋದುದರಿಂದ, ಆ ಅಂತರವನ್ನು ತುಂಬುವ ಹೊಣೆ ಅವನ ಮೇಲೆ ಬಿತ್ತು. ಇದು ಹಾಸ್ಯವೂ ಹೌದು. ಇಂಥ ಹಾಸ್ಯವನ್ನು ಬರೆದವನಿಗೆ ಯಂತ್ರವೆಂದರೇನೆಂಬ ಅರಿವು ಇರಲಿಲ್ಲವೆನ್ನುವುದು ಸಾಹಸದ ಮಾತಾದೀತು.

ಗರುಡನನ್ನೇರುವವನನ್ನು ನೇಕಾರನನ್ನಾಗಿ ಮಾಡಿದುದೂ ಆಕಸ್ಮಿಕವೆಂದು ತೋರುವುದಿಲ್ಲ. ಊರಿನಲ್ಲಿ ಬಡಗಿಯನ್ನು ಬಿಟ್ಟರೆ ಹಗಲೆಲ್ಲ ಹಗ್ಗ, ಹಲಗೆ, ಕೀಲುಗಳ ನಡುವೆ ಕುಳಿತು, ಕೈಯೊಂದು ಕಾಲೊಂದು ಕೆಲಸವನ್ನು ತಾಳಕ್ಕೆ ಸರಿಯಾಗಿ ಮಾಡುವವನು ಅವನೇ.

ಸೋಮದೇವನ ಕಥಾಸರಿತ್ಸಾಗರದಲ್ಲಿ ಇದೇ ವಿಚಾರವು ಬೇರೆ ಬೇರೆ ದಿಕ್ಕಿಗೆ ಹರಿದಿದೆ. ಹನ್ನೊಂದನೆಯ ಶತಮಾನದ ಆ ಕಾಶ್ಮೀರ ಕವಿಯಲ್ಲಿ, ಮಯನ ಮಗಳಾದ ಸೋಮಪ್ರಭೆಯು ಗೆಳತಿಗೆ ಬುಟ್ಟಿ ತುಂಬ ಮರದ ಗೊಂಬೆಗಳನ್ನು ತಂದು ತೋರಿಸುವಳು. ಕೀಲನ್ನು ಮುಟ್ಟಿದರೆ ಒಂದು ಹಾರಿಹೋಗಿ ಹೂಮಾಲೆಯನ್ನು ತರುವುದು, ಒಂದು ನೀರನ್ನು ತರುವುದು, ಒಂದು ಕುಣಿಯುವುದು, ಒಂದು ಮಾತನಾಡುವುದು. ಒಂದೊಂದು ಗೊಂಬೆಗೆ ಒಂದೊಂದೇ ಕೆಲಸ. ನೀರು ತರುವುದು ಕುಣಿಯದು. ಇದಕ್ಕಿಂತ ಗಂಭೀರವಾದುದು ಕಾಂಚಿಯ ಬಡಗಿಗಳಾದ ಪ್ರಾಣಧರ, ರಾಜ್ಯಧರ ಎಂಬ ಅಣ್ಣತಮ್ಮಂದಿರ ಕಥೆ. ಹಣವನ್ನು ಕಳೆದುಕೊಂಡ ಅಣ್ಣನು ಎರಡು ಯಂತ್ರಹಂಸಗಳನ್ನು ಮಾಡಿ, ಹಗ್ಗ ಕಟ್ಟಿ, ಕಿಟಕಿಯ ಮೂಲಕ ಅರಸನ ಭಂಡಾರಕ್ಕೆ ಬಿಟ್ಟು ಆಭರಣಗಳನ್ನು ಕದಿಯುವನು. ಹಂಸವು ಇಲ್ಲಿ ಅಲಂಕಾರಕ್ಕೆ ಬಂದ ಹಕ್ಕಿಯಲ್ಲ. ಕಿಟಕಿಯಲ್ಲಿ ತೂರಬೇಕು, ಕೊಕ್ಕಿನಿಂದ ಕಚ್ಚಬೇಕು, ಎಳೆದರೆ ಮರಳಬೇಕು. ಕೆಲಸವು ಆಕಾರವನ್ನು ಆರಿಸಿಕೊಂಡಿತು. ಕಳವು ಬಯಲಾದ ಮೇಲೆ ಓಡಿಹೋದ ತಮ್ಮನು ಜನರಿಲ್ಲದ ಪಟ್ಟಣವೊಂದನ್ನು ಹೊಕ್ಕು, ಒಂಟಿತನವನ್ನು ತಾಳಲಾರದೆ ಬೀದಿಯ ತುಂಬ ಮರದ ಪ್ರಜೆಗಳನ್ನು ಮಾಡಿಟ್ಟುಕೊಳ್ಳುವನು. ಅವರು ನಡೆದಾಡುವರು; ಮಾತಿಲ್ಲ. ಕಥಾಸರಿತ್ಸಾಗರದಲ್ಲಿ ಇದಕ್ಕಿಂತ ಮನಸ್ಸನ್ನು ಕಲಕುವ ಸನ್ನಿವೇಶಗಳು ಹೆಚ್ಚಿಲ್ಲ. ಜೊತೆಗಾಗಿ ಮಾಡಿದ ಯಂತ್ರಕ್ಕೆ ಮಾತ್ರ ಇಲ್ಲಿ ಪೂರ್ಣವಾದ ಮನುಷ್ಯರೂಪವು ಬೇಕಾಯಿತೆಂಬುದನ್ನು ಗುರುತಿಸಬೇಕು.

ಕಥೆಯಿಂದ ಶಾಸ್ತ್ರಕ್ಕೆ ಬಂದರೆ ಧಾರೆಯ ಭೋಜರಾಜನ ಸಮರಾಂಗಣಸೂತ್ರಧಾರವು ಎದುರಾಗುವುದು. ದುರ್ಗಸಿಂಹನ ಒಡೆಯನಾದ ಜಯಸಿಂಹನಿಗೂ ಈ ಭೋಜನಿಗೂ ಯುದ್ಧಗಳಾಗಿದ್ದವು. ಸವಡಿಯ ಕವಿಯು ಸಂಧಿವಿಗ್ರಹಗಳ ಲೆಕ್ಕವನ್ನು ನೋಡುತ್ತಿದ್ದ ಕಾಲದಲ್ಲಿಯೇ ಎದುರಾಳಿಯ ಆಸ್ಥಾನದಲ್ಲಿ ಯಂತ್ರವಿಧಾನದ ಚರ್ಚೆ ನಡೆದಿತ್ತು. ಆ ಗ್ರಂಥದ 31ನೆಯ ಅಧ್ಯಾಯವು ಯಂತ್ರಗಳದು. ರಾತ್ರಿಯಲ್ಲಿ ಬಾಗಿಲ ಬಳಿ ನಿಂತು, ನುಗ್ಗಿದ ಕಳ್ಳನನ್ನು ಆಯುಧದಿಂದ ತಡೆಯುವ ಮರದ ದ್ವಾರಪಾಲಕನು ಅಲ್ಲಿ ಬರುವನು. ರಚನೆಯ ಪೂರ್ಣವಿವರವನ್ನು ಕೊಡದಿರುವುದು ಗೋಪ್ಯಕ್ಕಾಗಿಯೇ ಹೊರತು ಅಜ್ಞಾನದಿಂದಲ್ಲ ಎಂದು ಭೋಜನು ಹೇಳಿಕೊಂಡಿರುವನು. ಈ ಮಾತನ್ನು ಒಪ್ಪುವುದೂ ಬಿಡುವುದೂ ಓದುಗನ ಇಷ್ಟ. ಎಲ್ಲ ಕಾಲದ ಕುಶಲಕರ್ಮಿಗಳೂ ಇದನ್ನೇ ಹೇಳಿದ್ದಾರೆ. ಬೆಲೆಯುಳ್ಳದ್ದು ಅವನು ಕೊಟ್ಟ ಯಂತ್ರಗುಣಗಳ ಪಟ್ಟಿ. ಅಂಗಗಳು ಚೆನ್ನಾಗಿ ಕೂಡಿರಬೇಕು, ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು, ಸದ್ದಿರಬಾರದು, ಸದ್ದೇ ಉದ್ದೇಶವಾದಲ್ಲಿ ಅದು ಜೋರಾಗಿರಬೇಕು, ಬೇಕಾದ ಹೊತ್ತಿಗೆ ಬೇಕಾದ ಕೆಲಸವನ್ನು ತೋರಬೇಕು, ಬಹುಕಾಲ ಬಾಳಬೇಕು. ಇಲ್ಲಿ ಮನುಷ್ಯನ ಹೋಲಿಕೆಯು ಗುಣವಾಗಿ ಎಣಿಕೆಗೆ ಬಂದಿಲ್ಲ. ಗುಣಗಳೆಲ್ಲ ಕೆಲಸವನ್ನು ಕುರಿತವು, ಮತ್ತು ಸದ್ದಿನ ವಿಷಯದಲ್ಲಿ ಕಂಡಂತೆ, ಕೆಲಸ ಬದಲಾದರೆ ಗುಣವೇ ದೋಷವಾಗುವುದು. ಯಂತ್ರವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಸೂತ್ರವು ಬೇಕಿಲ್ಲ.

ಅರಮನೆಯ ಯಂತ್ರಗಳು ಬಹುಮಟ್ಟಿಗೆ ವಿಲಾಸಕ್ಕಾಗಿ ಹುಟ್ಟಿದವು. ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗ ವಾಗರಾಜನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಯು ಮುಗಿಸಿದ ಯಶಸ್ತಿಲಕದ ಯಂತ್ರಧಾರಾಗೃಹವನ್ನು ಓದಿದವರಿಗೆ ಇದು ತಿಳಿದ ಸಂಗತಿ. ನೀರು ಚಿಮ್ಮುವ ಪುತ್ತಳಿಗಳಿಗೆ ಚೆಲುವಾದ ರೂಪವು ಅಗತ್ಯವಾಗಿತ್ತು, ಏಕೆಂದರೆ ನೋಟವೇ ಅವುಗಳ ಕೆಲಸ.

ಇನ್ನು ಹೊಲದ ಕಡೆಗೆ ತಿರುಗಿದರೆ ಚಿತ್ರವು ಪೂರ್ತಿ ಬೇರೆ. ರೋಣ, ನರಗುಂದಗಳ ಎರೆಭೂಮಿಯಲ್ಲಿ ಬಿತ್ತುವ ಕೂರಿಗೆಯನ್ನು ಯಾವ ಕವಿಯೂ ಯಂತ್ರವೆಂದು ಬೆರಗುಗೊಂಡು ವರ್ಣಿಸಿದಂತಿಲ್ಲ. ಆದರೆ ಉಪಯೋಗಕ್ಕೆ ತಕ್ಕಂತೆ ಮೈಯನ್ನು ಬದಲಿಸಿಕೊಳ್ಳುವ ಸಲಕರಣೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯುವುದು ಕಷ್ಟ. ಮರದ ಬಟ್ಟಲಿಗೆ ಕೈಯಿಂದ ಬಿಟ್ಟ ಕಾಳು ತೂತುಗಳ ಮೂಲಕ ಬಿದಿರಿನ ಕೊಳವೆಗಳಲ್ಲಿ ಇಳಿದು, ತಾಳುಗಳು ಸೀಳಿದ ಸಾಲಿನಲ್ಲಿ ಬೀಳುವುದು. ಬಿತ್ತುವ ಬೀಜ ಬೇರೆಯಾದರೆ ತಾಳುಗಳ ಸಂಖ್ಯೆಯೂ ನಡುವಣ ಅಂತರವೂ ಬೇರೆಯಾಗುವುವು. ಅಕ್ಕಡಿಯ ಕಾಳಿಗೆ ಹಿಂದೆ ಬೇರೊಂದು ಕೊಳವೆಯನ್ನು ಹಗ್ಗದಿಂದ ಕಟ್ಟುವರು. ನೊಗ, ಎತ್ತು, ಒಕ್ಕಲಿಗ ಎಲ್ಲವೂ ಅವೇ ಇದ್ದು ತುದಿಯೊಂದು ಬದಲಾಗುವುದು. ಕುಂಟೆಯ ವಿಷಯದಲ್ಲಿಯೂ ಹೀಗೆಯೇ: ಹೊಲವನ್ನು ಹರಗುವ ಅಗಲವಾದ ಅಲಗು ಕಿರಿದಾಗಿ ಎಡೆಕುಂಟೆಯೆಂದು ಹೆಸರು ಪಡೆದು, ಬೆಳೆದ ಪೈರಿನ ಸಾಲುಗಳ ನಡುವೆ ಬೇರು ನೋಯದಂತೆ ಸಾಗುವುದು. ಇವಕ್ಕೆ ಕಣ್ಣು ಮೂಗುಗಳನ್ನು ಇಡಬೇಕೆಂದು ಯಾವ ಬಡಗಿಗೂ ತೋಚಲಿಲ್ಲ. ಬೆರಗಿಗೆ ಮಾಡಿದುದು ಮನುಷ್ಯನಂತಾಯಿತು, ದುಡಿಮೆಗೆ ಮಾಡಿದುದು ಮನುಷ್ಯನಂತಾಗಲಿಲ್ಲ.

ಗಜೇಂದ್ರಗಡದ ಕೈಮಗ್ಗವು ಈ ಇತಿಹಾಸದಲ್ಲಿ ಇನ್ನೊಂದು ಹೆಜ್ಜೆ. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಆ ಊರಿನಲ್ಲಿ ಮಗ್ಗವೆಂದರೇನೆಂದು ವಿವರಿಸಬೇಕಾಗಿಲ್ಲ: ಯಾವ ಎಳೆ ಮೇಲಕ್ಕೆ, ಯಾವುದು ಕೆಳಕ್ಕೆ ಎಂಬ ನಿರ್ಣಯವೇ ನೇಯ್ಗೆ, ಲಾಳಿಯ ಓಟವು ಆಮೇಲಿನದು. ಆ ನಿರ್ಣಯವನ್ನು ನೇಕಾರನ ನೆನಪಿನಿಂದ ತೆಗೆದು ತೂತು ಹೊಡೆದ ರಟ್ಟಿನ ಪಟ್ಟಿಗಳಿಗೆ ಒಪ್ಪಿಸಿದವನು ಫ್ರಾನ್ಸಿನ ಜಕಾರ್ಡ್. ಕಾಲ 1804ರ ಸುಮಾರು. ಮಗ್ಗ ಅದೇ, ಪಟ್ಟಿ ಬದಲಾದರೆ ಸೀರೆ ಬೇರೆ. 1830ರ ದಶಕದಲ್ಲಿ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಕಯಂತ್ರದ ಯೋಜನೆಗೆ ಇದೇ ಪಟ್ಟಿಗಳನ್ನು ಎತ್ತಿಕೊಂಡನು. ಕೂರಿಗೆಯಲ್ಲಿ ಕೆಲಸ ಬದಲಾದರೆ ತಾಳು ಬದಲಾಗಬೇಕಿತ್ತು. ಇಲ್ಲಿ ಬರವಣಿಗೆ ಬದಲಾದರೆ ಸಾಕಾಯಿತು. ಕೀಲು ಅಕ್ಷರವಾಯಿತೆಂದರೆ ಅತಿಶಯೋಕ್ತಿಯಲ್ಲ. ಪೂರ್ಣಭದ್ರನ ಕಥೆಯಲ್ಲಿ ಕೊರತೆಯಾಗಿದ್ದುದೂ ಇದೇ. ಮರದ ಗರುಡನಿಗೆ ಹೊಸ ಕೆಲಸವನ್ನು ಹೇಳಿಕೊಡುವ ದಾರಿಯಿರಲಿಲ್ಲ, ದೇವರೇ ಒಳಹೊಗಬೇಕಾಯಿತು.

ಕಾರೆಲ್ ಚಾಪೆಕನು 1920ರಲ್ಲಿ ಚೆಕ್ ಭಾಷೆಯಲ್ಲಿ ಪ್ರಕಟಿಸಿದ ನಾಟಕದಿಂದ ರೋಬಾಟ್ ಎಂಬ ಮಾತು ಲೋಕಕ್ಕೆ ಬಂದಿತು. ಅದನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಮೂಲದ ಅರ್ಥವು ಒಡೆಯನಿಗೆ ಬಲವಂತದಿಂದ ಮಾಡುವ ದುಡಿಮೆ. ಸಂಸ್ಕೃತದ ವಿಷ್ಟಿ, ನಮ್ಮ ಬಿಟ್ಟಿ. ಆ ನಾಟಕದ ಬಿಟ್ಟಿಯಾಳುಗಳು ಲೋಹದವರಲ್ಲ, ಮಾಂಸದಂತಹ ವಸ್ತುವಿನಿಂದ ಮಾಡಿದವರು. ಕೊನೆಗೆ ಒಡೆಯರ ಮೇಲೆ ತಿರುಗಿ ಬೀಳುವರು. ನಮ್ಮ ಕಥೆಗಳ ಗೊಂಬೆಗಳು ತಿರುಗಿ ಬೀಳುವುದಿಲ್ಲ. ಇದಕ್ಕೆ ಕಾರಣವನ್ನು ಭಾರತೀಯರ ಸಾತ್ತ್ವಿಕ ಸ್ವಭಾವದಲ್ಲಿ ಹುಡುಕುವುದು ವ್ಯರ್ಥ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಜೀವಿಗಳೆಲ್ಲ ಯಂತ್ರವನ್ನೇರಿದವರೆಂದು ಹೇಳಿದಾಗಲೂ ನಡೆಯಿಸುವವನೊಬ್ಬನು ಮನಸ್ಸಿನಲ್ಲಿರುವನು. ಯಂತ್ರವೆಂದರೆ ಅಂಕೆಯಲ್ಲಿರುವುದು ಎಂಬ ಶಬ್ದಾರ್ಥವೇ ಕಥೆಯ ದಾರಿಯನ್ನು ಕಟ್ಟಿತು. ಚಾಪೆಕನ ಮಾತಿನಲ್ಲಿಯಾದರೋ ಬಿಟ್ಟಿಯಿತ್ತು. ಬಿಟ್ಟಿಯ ಹಿಂದೆ ದಂಗೆ ಬರುವುದು ಸಹಜ.

ನಾಟಕದ ಆಳುಗಳಿಗಿಂತ ಕಾರ್ಖಾನೆಯ ರೋಬಾಟು ಕೂರಿಗೆಗೆ ಹತ್ತಿರದ ಬಂಧು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜನರಲ್ ಮೋಟಾರ್ಸಿನವರು ನಿಲ್ಲಿಸಿದ ಯೂನಿಮೇಟ್ ಒಂದು ದಪ್ಪ ತೋಳು ಮಾತ್ರ. ಅಚ್ಚಿನಿಂದ ಬಂದ ಕಾದ ಲೋಹವನ್ನು ಎತ್ತಿಡುವುದಕ್ಕೆ ಅಷ್ಟೇ ಬೇಕಿತ್ತು. 1978ರಲ್ಲಿ ಜಪಾನಿನ ಯಾಮಾನಾಶಿ ವಿಶ್ವವಿದ್ಯಾಲಯದ ಹಿರೋಶಿ ಮಾಕಿನೋ ರೂಪಿಸಿದ ಸ್ಕಾರಾ ಎಂಬ ತೋಳು ಅಡ್ಡಕ್ಕೆ ಸಡಿಲವಾಗಿದ್ದು ಉದ್ದಕ್ಕೆ ಬಿಗಿಯಾಗಿತ್ತು, ಏಕೆಂದರೆ ಮೇಲಿನಿಂದ ನೇರವಾಗಿ ಮೊಳೆಯನ್ನಿಳಿಸುವಂಥ ಜೋಡಣೆಯೇ ಅದರ ಕೆಲಸ. ಸಡಿಲವೂ ಬಿಗಿಯೂ ಆಗಬಾರದೆಂದ ಭೋಜನು ಇದನ್ನು ಕಂಡಿದ್ದರೆ ತನ್ನ ಪಟ್ಟಿಗೆ ಒಂದು ತಿದ್ದುಪಡಿಯನ್ನು ಸೇರಿಸುತ್ತಿದ್ದನು. 2023ರ ಆಗಸ್ಟಿನಲ್ಲಿ ಚಂದ್ರನ ಮೇಲಿಳಿದ ಪ್ರಜ್ಞಾನ್ 26 ಕಿಲೋಗ್ರಾಂ ತೂಕದ ಆರು ಗಾಲಿಯ ಬಂಡಿ. ಉಬ್ಬುತಗ್ಗುಗಳಲ್ಲಿ ಗಾಲಿಗಳು ನೆಲವನ್ನು ಬಿಡದಂತೆ ಅದರ ಕೀಲುಗಳನ್ನು ಹೂಡಿದ್ದಾರೆ.

ಹಾಗಾದರೆ ಮನುಷ್ಯರೂಪವು ಯಂತ್ರಕ್ಕೆ ಬರಿಯ ಅಲಂಕಾರವೆ? 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯು ತೋರಿಸಿದ ವ್ಯೋಮಮಿತ್ರೆಯು ಇದಕ್ಕೆ ಉತ್ತರ ಹೇಳುವಳು. ಗಗನಯಾನಕ್ಕೆ ಮನುಷ್ಯರಿಗಿಂತ ಮೊದಲು ಹೋಗುವುದಕ್ಕೆಂದು ಮಾಡಿದ ಈ ಪ್ರತಿಮೆಗೆ ಮುಖವಿದೆ, ಕೈಗಳಿವೆ, ಕಾಲುಗಳಿಲ್ಲ. ಮನುಷ್ಯನಿಗಾಗಿ ಕಟ್ಟಿದ ಆಸನದಲ್ಲಿ ಕುಳಿತು ಮನುಷ್ಯನ ಕೈಯಳತೆಗೆ ಇಟ್ಟ ಗುಂಡಿಗಳನ್ನು ಒತ್ತಬೇಕಾದುದರಿಂದ ತೋಳು ಬೇಕಾಯಿತು. ನಡೆಯಬೇಕಾಗಿಲ್ಲವಾದುದರಿಂದ ಕಾಲು ಬೇಡವಾಯಿತು. ಮುಖವು ಮಾತ್ರ ಯಾವ ಕೆಲಸಕ್ಕೆಂದು ಕೇಳಿದರೆ, ರಾಜ್ಯಧರನ ಮೂಕ ಪಟ್ಟಣವನ್ನು ನೆನೆಯಬೇಕು.

ಈ ವಿಚಾರವು ಪಾಠ ಹೇಳುವವರಿಗೆ ನೇರವಾಗಿ ತಾಗುವ ಸ್ಥಳ ಒಂದಿದೆ. ರೋಬಾಟಿಗೆ ಕನ್ನಡದಲ್ಲಿ ಬಳಕೆಗೆ ಬಂದಿರುವ ಮಾತು ಯಂತ್ರಮಾನವ. ಯೂನಿಮೇಟ್ ಮಾನವನಲ್ಲ, ಪ್ರಜ್ಞಾನ್ ಮಾನವನಲ್ಲ, ವ್ಯೋಮಮಿತ್ರೆಯು ಅರ್ಧ ಮಾತ್ರ. ಆದರೂ ಈ ಮಾತನ್ನು ಕಲಿತ ವಿದ್ಯಾರ್ಥಿಯು ಗೊಂಬೆಯ ಮುಖವನ್ನೇ ಹುಡುಕುವನು. ತನ್ನ ಹೊಲದ ಕೂರಿಗೆಗೂ ತನ್ನ ಊರಿನ ಮಗ್ಗಕ್ಕೂ ಇದರೊಡನೆ ನಂಟಿದೆಯೆಂದು ಅವನಿಗೆ ಹೊಳೆಯದು. ಕೀಲು ಎಂಬುದರಿಂದ ಕೀಲಾಳು ಎಂದು ಕಟ್ಟಬಹುದಿತ್ತು. ಕಿವಿಗೆ ಅದು ಕೀಳಾಳು ಎಂದು ಕೇಳಿಸುವ ಅಪಾಯವುಂಟು. ಚಾಪೆಕನು ಅದನ್ನು ಅಪಾಯವೆಂದು ಎಣಿಸುತ್ತಿರಲಿಲ್ಲ. ನಿಘಂಟುಕಾರರು ಯಂತ್ರಮಾನವನನ್ನು ವ್ಯೋಮಮಿತ್ರೆಯಂಥವಕ್ಕೆ ಮೀಸಲಿಟ್ಟು, ಉಳಿದವಕ್ಕೆ ರೋಬಾಟ್ ಎಂಬುದನ್ನೇ ಕನ್ನಡದ ಮಾತಾಗಿ ಅಂಗೀಕರಿಸಿ, ಅದರ ಅರ್ಥವಿವರಣೆಯಲ್ಲಿ ಬಿಟ್ಟಿ ಎಂಬ ಶಬ್ದವನ್ನು ಮರೆಯದೆ ಸೇರಿಸುವುದು ಯುಕ್ತ.